ತೆಂಗಿನ ಸಸಿಯ ಬೇರು ಕೊರೆಯುವ ಜಂತುಹುಳು

ಎಣ್ಣೆಯ ಬೆಳೆಗಳೆಂದೊಡನೆ ಬಯಲುಸೀಮೆಯವರಿಗೆ ನೆಲಗಡಲೆ, ಎಳ್ಳುಗಳು ನೆನಪಾಗುವುವು. ಮಂಗಳೂರಿನ ಸುತ್ತಣ ನಮಗಾದರೋ ತೆಂಗು. ಈ ಮರದ ಆಯುಷ್ಯವು 60 ವರ್ಷಗಳನ್ನು ಮೀರುವುದುಂಟು. ಎತ್ತರದ ತಳಿಗಳು ಫಲಕ್ಕೆ ಬರುವುದಕ್ಕೇ ಐದಾರು ವರ್ಷಗಳು ಬೇಕು. ಆದಕಾರಣ ಸಸಿಯ ಬೇರಿನಲ್ಲಿ ಅಡಗಿ ಬಂದ ಪಿಡುಗು ತೋಟಗಾರನ ಗಮನಕ್ಕೆ ಬರುವಷ್ಟರಲ್ಲಿ ಹಲವು ವರ್ಷಗಳ ಶ್ರಮವು ವ್ಯರ್ಥವಾಗಿರಬಹುದು.

ಇಂತಹ ಪಿಡುಗುಗಳಲ್ಲಿ ಒಂದು ರಾಡೋಫೋಲಸ್ ಸಿಮಿಲಿಸ್ ಎಂಬ ಜಂತುಹುಳು. ಫಿಜಿ ದ್ವೀಪದ ಬಾಳೆಯ ಬೇರುಗಳಲ್ಲಿ ದೊರೆತ ಇದನ್ನು 1893ರಲ್ಲಿ ಕಾಬ್ ಎಂಬ ವಿಜ್ಞಾನಿಯು ವರ್ಣಿಸಿದನು. ಉದ್ದದಲ್ಲಿ ಒಂದು ಮಿಲಿಮೀಟರಿಗಿಂತಲೂ ಕಿರಿದಾದುದರಿಂದ ಇದು ಬರಿಗಣ್ಣಿಗೆ ಗೋಚರವಾಗದು. ಬಾಯಲ್ಲಿರುವ ಸೂಜಿಯಂತಹ ಅಂಗದಿಂದ ಬೇರಿನ ಕೋಶಗಳನ್ನು ಚುಚ್ಚಿ ರಸ ಹೀರುತ್ತ, ಒಳಗೊಳಗೇ ಸುರಂಗ ಕೊರೆದು ಅಲ್ಲಿಯೇ ಮೊಟ್ಟೆಯಿಡುತ್ತದೆ. ನಮ್ಮ ಕರಾವಳಿಯಂತಹ ಬೆಚ್ಚನೆಯ ಮಣ್ಣಿನಲ್ಲಿ ಮೂರು ನಾಲ್ಕು ವಾರಗಳಿಗೆ ಹೊಸ ಪೀಳಿಗೆಯೊಂದು ಸಿದ್ಧವಾಗುತ್ತದೆ. ಕೆನೆಬಣ್ಣದ ಎಳೆಬೇರುಗಳ ಮೇಲೆ ಕಿತ್ತಳೆ ಬಣ್ಣದ ನೀಳವಾದ ಕಲೆಗಳು ಮೂಡಿ, ಕ್ರಮೇಣ ಒಂದಕ್ಕೊಂದು ಕೂಡಿಕೊಂಡು ಬೇರು ಕೊಳೆಯುತ್ತದೆ. ಗರಿಗಳು ಹಳದಿಯಾಗುವುದೂ ಬೆಳವಣಿಗೆ ಕುಂಠಿತವಾಗುವುದೂ ಉಂಟು. ಆದರೆ ಗೊಬ್ಬರ ಸಾಲದಿದ್ದರೂ ನೀರು ನಿಂತರೂ ಹೀಗೆಯೇ ಆಗುವುದರಿಂದ, ಗರಿಯನ್ನು ಮಾತ್ರ ನೋಡಿ ನಿರ್ಣಯಿಸಲಾಗದು.

ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗಿನ ಸಂಶೋಧನಾ ಕೇಂದ್ರವು 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಈ ಸಂಸ್ಥೆಯ ವಿಜ್ಞಾನಿಗಳು ಈ ಹುಳುವನ್ನು ವಿಶೇಷವಾಗಿ ಅಭ್ಯಸಿಸಿದ್ದಾರೆ. ತೆಂಗಿನಂತೆಯೇ ಅಡಿಕೆ, ಬಾಳೆ, ಕಾಳುಮೆಣಸುಗಳೂ ಇದಕ್ಕೆ ಆಶ್ರಯ ಕೊಡುತ್ತವೆ. ಇವೆಲ್ಲವನ್ನೂ ಒಟ್ಟಿಗೆ ಬೆಳೆಯುವುದು ನಮ್ಮ ಜಿಲ್ಲೆಯ ಪದ್ಧತಿಯಷ್ಟೆ. ಹಳೆಯ ತೋಟದ ನೆರಳು ಅನುಕೂಲವೆಂದು ಅಲ್ಲಿಯೇ ಸಸಿಮಡಿ ಮಾಡಿದರೆ, ಹಸಿದ ಹುಳುವಿನ ಮುಂದೆ ಎಳೆಬೇರನ್ನು ಬಡಿಸಿದಂತಾಗುತ್ತದೆ. ಈ ಹುಳು ತಾನಾಗಿ ಬಹುದೂರ ಚಲಿಸಲಾರದು. ಸಸಿಯೊಡನೆಯೂ ಅದರ ಬುಡದ ಮಣ್ಣಿನೊಡನೆಯೂ ಊರಿಂದೂರಿಗೆ ಹೋಗುತ್ತದೆ.

ಮರದ ಬೇರುಗಳಲ್ಲಿ ಒಮ್ಮೆ ನೆಲೆಸಿದ ಹುಳುವನ್ನು ನಿರ್ಮೂಲಗೊಳಿಸುವುದು ದುಸ್ಸಾಧ್ಯ. ಆದ್ದರಿಂದ ಸಸಿಮಡಿಯೇ ಇದನ್ನು ತಡೆಯತಕ್ಕ ಸ್ಥಳ. ಮೇಲೆ ಹೇಳಿದ ಬೆಳೆಗಳಿಲ್ಲದ ನೆಲವನ್ನು ಆರಿಸಬೇಕು. ಏಪ್ರಿಲ್–ಮೇ ತಿಂಗಳುಗಳಲ್ಲಿ ಮಣ್ಣನ್ನು ತೇವಗೊಳಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೆಲವು ವಾರ ಬಿಸಿಲಿಗೆ ಬಿಟ್ಟರೆ ಹುಳುಗಳ ಸಂಖ್ಯೆ ಇಳಿಯುತ್ತದೆ. ಬೇವಿನ ಹಿಂಡಿಯೂ ಸಹಾಯಕ. ಸಂದೇಹವಿದ್ದಲ್ಲಿ ಒಂದೆರಡು ಸಸಿಗಳ ಎಳೆಬೇರನ್ನು ತೊಳೆದು, ಸಣ್ಣಗೆ ಕತ್ತರಿಸಿ ನೀರಿನಲ್ಲಿ ಒಂದೆರಡು ದಿನ ಇರಿಸಿದರೆ, ಒಳಗಿನ ಹುಳುಗಳು ನೀರಿಗಿಳಿಯುತ್ತವೆ. ಅವನ್ನು ಕಾಣಲು ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕವೇ ಸಾಕು. ಗರಿಯ ಹಸುರಿಗೆ ಮರುಳಾಗದೆ, ಕೊಳ್ಳುವ ಮೊದಲು ಬೇರನ್ನು ನೋಡಬೇಕೆಂಬುದೇ ಬೆಳೆಗಾರರಲ್ಲಿ ನಮ್ಮ ವಿಜ್ಞಾಪನೆ.