ಹಾಸಿಗೆಯಿಂದ ಬಚ್ಚಲಿನವರೆಗೆ: ವೃದ್ಧರು ಬೀಳುವುದೇಕೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಮನೆಯವರು ಜಾರುವ ನೆಲವನ್ನು ದೂರುತ್ತಾರಾದರೂ, ಕಾರಣ ಎಷ್ಟೋ ವೇಳೆ ಹಾಸಿಗೆಯಲ್ಲೇ ಆರಂಭವಾಗಿರುತ್ತದೆ. ಮಲಗಿದ್ದವರು ಎದ್ದು ನಿಂತಾಗ ರಕ್ತವು ಕಾಲುಗಳತ್ತ ಇಳಿಯುತ್ತದೆ. ಆಗ ರಕ್ತನಾಳಗಳು ಕೂಡಲೇ ಸಂಕುಚಿಸಿ ಒತ್ತಡವನ್ನು ಕಾಯ್ದುಕೊಳ್ಳಬೇಕು, ಆದರೆ ವಯಸ್ಸಾದಂತೆ ಈ ಪ್ರತಿಕ್ರಿಯೆ ನಿಧಾನವಾಗುವುದರಿಂದ ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಕಣ್ಣು ಕತ್ತಲಿಡುತ್ತದೆ. ನಿಂತ 3 ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ, ಅದು ಭಂಗಿಜನ್ಯ ರಕ್ತದೊತ್ತಡ ಕುಸಿತ, ಅಂದರೆ ದೇಹದ ಭಂಗಿ ಬದಲಾದುದರಿಂದ ಉಂಟಾದ ಕುಸಿತ. ಬಿ.ಪಿ. ಹಾಗೂ ಪ್ರಾಸ್ಟೇಟ್ ಮಾತ್ರೆಗಳಲ್ಲಿ ಕೆಲವು ಇದನ್ನು ಹೆಚ್ಚಿಸುತ್ತವೆ.

ಆದ್ದರಿಂದ ರಾತ್ರಿ ಎಚ್ಚರಾದವರು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ದೀಪ ಹಾಕಿಕೊಂಡು, ಆಸರೆ ಹಿಡಿದೇ ಏಳಬೇಕು. ಟವೆಲ್ ನೇತುಹಾಕುವ ಸರಳು ಆಸರೆಯಲ್ಲ, ಮೈಭಾರ ಬಿದ್ದರೆ ಅದು ಗೋಡೆಯಿಂದ ಕಿತ್ತುಬರಬಹುದು. ಕಮೋಡಿನ ಪಕ್ಕ ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಹಿಡಿಕೆಯೇ ಬೇಕು. ಎದ್ದಾಗ ತಲೆ ಸುತ್ತುವವರು ಮಾತ್ರೆಯನ್ನು ತಾವೇ ನಿಲ್ಲಿಸದೆ, ಮಲಗಿದಾಗಲೂ ನಿಂತಾಗಲೂ ಬಿ.ಪಿ. ನೋಡುವಂತೆ ವೈದ್ಯರನ್ನು ಕೇಳಬೇಕು.