ಬೆಳ್ಳಿ ಪತ್ತಾರನ ವೃತ್ತಿಜೀವನ: ತೂಕ, ಸವಕಳಿ ಮತ್ತು ನಂಬುಗೆ

ಕರ್ನಾಟಕದ ಜನಪದ ಆಭರಣಗಳನ್ನು ಕುರಿತು ನಡೆದಿರುವ ಕ್ಷೇತ್ರಕಾರ್ಯದಲ್ಲಿ ಒಡವೆಗಳ ಹೆಸರು, ಆಕಾರ, ಅವನ್ನು ತೊಡುವ ಸಮುದಾಯ ಹಾಗೂ ಸಂದರ್ಭಗಳ ವಿವರಗಳು ಸಾಕಷ್ಟು ಸಂಗ್ರಹವಾಗಿವೆ. ಆದರೆ ಆ ಒಡವೆಗಳನ್ನು ಮಾಡಿದವನು ಅವುಗಳಿಂದ ಹೇಗೆ ಬದುಕಿದ ಎಂಬ ಪ್ರಶ್ನೆಯನ್ನು ನಮ್ಮ ಜಾನಪದ ವಿದ್ವತ್ತು ವಿರಳವಾಗಿ ಕೇಳಿದೆ. ಈ ಪ್ರಶ್ನೆಗೆ ಉತ್ತರವಿರಬೇಕಾದ ಜಾಗದಲ್ಲಿ ಒಂದು ಗಾದೆ ಕುಳಿತಿದೆ: 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡಲಾರ.' ಗಾದೆಗಳನ್ನು ಜನರ ಅನುಭವದ ಸಾರವೆಂದು ಸ್ವೀಕರಿಸುವುದು ನಮಗೆ ರೂಢಿಯಾಗಿದೆ. ಆದರೆ ಅದು ಯಾರ ಅನುಭವ? ಈ ಗಾದೆಯು ಒಡವೆ ಮಾಡಿಸಿಕೊಂಡವರದು, ಮಾಡಿಕೊಟ್ಟವನದಲ್ಲ. ವಿಜಯಪುರ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಸ್ವತಂತ್ರವಾಗಿ ಕೈಕೆಲಸ ಮಾಡಿಕೊಂಡಿರುವ ಬೆಳ್ಳಿ ಪತ್ತಾರರೊಬ್ಬರ ವೃತ್ತಿಜೀವನವನ್ನು ಆಧರಿಸಿ, ಆ ಗಾದೆಯ ಇನ್ನೊಂದು ಮಗ್ಗುಲನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅವರ ಅಪೇಕ್ಷೆಯಂತೆ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಸೂಚಿಸಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ಅಕ್ಕಸಾಲಿಗನೆಂದು ಕರೆಯಲಾಗುವ ವೃತ್ತಿಯವನನ್ನು ಉತ್ತರ ಕರ್ನಾಟಕದಲ್ಲಿ ಪತ್ತಾರನೆನ್ನುತ್ತಾರೆ. ಕಮ್ಮಾರ, ಬಡಗಿ, ಕಂಚುಗಾರ, ಕಲ್ಲುಕುಟಿಗರೊಂದಿಗೆ ಸೇರಿ ಈತ ಪಾಂಚಾಳರಲ್ಲಿ ಒಬ್ಬ. ಚಿನ್ನ ಮತ್ತು ಬೆಳ್ಳಿ ಎರಡನ್ನೂ ಮಾಡುವ ಮನೆತನಗಳಿದ್ದರೂ, ಬೆಳ್ಳಿಯನ್ನೇ ನೆಚ್ಚಿದವರ ಬದುಕಿನ ಗತಿ ಬೇರೆ. 1963ರಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಜಾರಿಗೆ ಬಂದು, ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವುದು ನಿಷಿದ್ಧವಾದಾಗ ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ಬೆಳ್ಳಿಗೆ ಆ ನಿರ್ಬಂಧವಿರಲಿಲ್ಲ. ನಮ್ಮ ವಕ್ತೃವಿನ ತಂದೆ ಚಿನ್ನದ ಕೆಲಸ ಬಿಟ್ಟು ಬೆಳ್ಳಿಗೆ ತಿರುಗಿದ್ದು ಆ ಕಾಲದಲ್ಲಿಯೇ. 1968ರ ಕಾಯ್ದೆ 1990ರಲ್ಲಿ ರದ್ದಾಗುವ ಹೊತ್ತಿಗೆ ಮಗನ ಕೈ ಬೆಳ್ಳಿಗೆ ಹೊಂದಿಕೊಂಡಿತ್ತು. ಮರಳಿ ಚಿನ್ನಕ್ಕೆ ಹೋಗಲು ಬಂಡವಾಳವೂ ಇರಲಿಲ್ಲ.

ಬೆಳ್ಳಿಯ ಬೇಡಿಕೆಗೆ ಆಧಾರವಾಗಿರುವುದು ಆಚರಣೆ. ಚಿನ್ನ ಲಕ್ಷ್ಮಿಯ ರೂಪವಾದುದರಿಂದ ಅದನ್ನು ಕಾಲಿಗೆ ಹಾಕಬಾರದೆಂಬ ನಂಬಿಕೆಯಿದೆ. ಹೀಗಾಗಿ ಕಾಲುಂಗುರ, ಕಾಲ್ಗೆಜ್ಜೆ, ಉಡದಾರಗಳೆಲ್ಲ ಬೆಳ್ಳಿಯ ಪಾಲಿಗೆ ಬಂದಿವೆ. ಕಾಲುಂಗುರ ನೆಲಕ್ಕೆ ಉಜ್ಜಿ ಸವೆಯುತ್ತದೆ. ಆದ್ದರಿಂದ ಒಮ್ಮೆ ಮಾಡಿಸಿದವಳು ಮತ್ತೆ ಬಂದೇ ಬರುತ್ತಾಳೆ. ಕೂಸಿನ ಕೈಗಡಗ, ಹರಕೆಯ ಬೆಳ್ಳಿಗಣ್ಣು, ತೊಟ್ಟಿಲು, ಗ್ರಾಮದೇವತೆಯ ಮುಖ ಇವೆಲ್ಲ ಆಗಾಗ ಬರುವ ಕೆಲಸಗಳು. ಲಿಂಗಾಯತರ ಇಷ್ಟಲಿಂಗವನ್ನು ಇರಿಸುವ ಕರಡಿಗೆ ಮತ್ತು ಗುಂಡಗಡಿಗೆ ಈ ಭಾಗದ ಪತ್ತಾರನ ಕೈಚಳಕವನ್ನು ಒರೆಗೆ ಹಚ್ಚುವ ವಸ್ತುಗಳು. ತಾಂಡಾಗಳ ಲಂಬಾಣಿ ಹೆಂಗಸರು ಕೂದಲಿಗೆ ಸಿಕ್ಕಿಸಿ ಕಿವಿಯ ಬಳಿ ಇಳಿಬಿಡುವ ಘುಗ್ರಿ, ಟೋಪ್ಲಿಗಳ ಕೆಲಸ ಒಂದು ಕಾಲಕ್ಕೆ ವರ್ಷವಿಡೀ ಇರುತ್ತಿತ್ತಂತೆ. ಈಗ ಅವುಗಳ ಜಾಗಕ್ಕೆ ಬಹುಮಟ್ಟಿಗೆ ಜರ್ಮನ್ ಸಿಲ್ವರ್ ಬಂದಿದೆ. ಹೆಸರಿನಲ್ಲಿ ಬೆಳ್ಳಿಯಿದ್ದರೂ ತಾಮ್ರ, ನಿಕ್ಕಲ್, ಸತುಗಳ ಆ ಮಿಶ್ರಣದಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ.

ಕರಡಿಗೆಯೊಂದರ ತಯಾರಿಕೆಯನ್ನು ಗಮನಿಸಿದರೆ ಈ ಕೆಲಸದಲ್ಲಿ ಲೋಹ ಎಲ್ಲೆಲ್ಲಿ ಕಡಿಮೆಯಾಗುತ್ತದೆ ಎಂಬುದು ತಿಳಿಯುತ್ತದೆ. ಮೊದಲು ಬೆಳ್ಳಿಯನ್ನು ಮೂಸೆಯಲ್ಲಿಟ್ಟು ಬಿಳಿಗಾರ ಹಾಕಿ ಕರಗಿಸಬೇಕು. ಶುದ್ಧ ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಕರಗಿದ ಬೆಳ್ಳಿ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಹೊರಹಾಕುತ್ತದೆ. ಆಗ ಸಣ್ಣ ಹನಿಗಳು ಸಿಡಿಯುತ್ತವೆ. ಇದಕ್ಕೆ ನಮ್ಮ ವಕ್ತೃ 'ಬೆಳ್ಳಿ ಉಗುಳೂದು' ಎನ್ನುತ್ತಾರೆ. ಅದನ್ನು ತಡೆಯಲೆಂದೇ ಮೂಸೆಯ ಮೇಲೆ ಇದ್ದಿಲ ಪುಡಿ ಉದುರಿಸುವ ರೂಢಿಯಿದೆ. ಅಚ್ಚಿಗೆ ಹೊಯ್ದ ಗಟ್ಟಿಯನ್ನು ಬಡಿದು ತಗಡು ಮಾಡಬೇಕು. ಬಡಿದಂತೆಲ್ಲ ಬೆಳ್ಳಿ ಬಿರುಸಾಗುತ್ತದೆ. ಮಂದ ಕೆಂಪು ಬರುವವರೆಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ಕಾಯಿಸುವುದನ್ನು ಮರೆತರೆ ತಗಡು ಬಿರಿಯುತ್ತದೆ, ಹೆಚ್ಚು ಕಾಯಿಸಿದರೆ ಕುಸಿಯುತ್ತದೆ. ಈ ಕೆಂಪನ್ನು ಹಗಲಿನ ಬೆಳಕಿನಲ್ಲಿ ಗುರುತಿಸುವುದು ಕಷ್ಟವಾದುದರಿಂದ ಪತ್ತಾರರ ಕೆಲಸದ ಮೂಲೆ ಸದಾ ಅರೆಗತ್ತಲಿನದು. ಕತ್ತಲಲ್ಲಿ ಕುಳಿತು ಮಾಡುವವನ ಮೇಲೆ ಗಿರಾಕಿಗೆ ಸಂಶಯ ಹುಟ್ಟಲು ಅದೂ ಒಂದು ಕಾರಣವಾಗಿರಬಹುದೆಂದು ನನಗೆ ಅನಿಸಿದೆ.

ತಗಡನ್ನು ಕುಳಿಯಿರುವ ಅಚ್ಚಿನಲ್ಲಿ ತಟ್ಟಿ ಬಟ್ಟಲಿನಾಕಾರದ ಎರಡು ಭಾಗಗಳನ್ನಾಗಿ ಮಾಡುತ್ತಾರೆ. ಅರಗು, ಇಟ್ಟಿಗೆ ಪುಡಿ ಮತ್ತು ಎಣ್ಣೆ ಕೂಡಿಸಿದ ಮುದ್ದೆಯ ಮೇಲೆ ಅವನ್ನು ಕೂರಿಸಿ, ಸಣ್ಣ ಉಳಿಗಳಿಂದ ಬಳ್ಳಿ, ಪದ್ಮಗಳನ್ನು ಮೂಡಿಸುತ್ತಾರೆ. ನಂತರ ಕೊಂಡಿ, ಕಳಸಗಳನ್ನು ಬೆಸೆಯುವುದು. ಬೆಸುಗೆಯ ಲೋಹ ಒಡವೆಗಿಂತ ಮೊದಲು ಕರಗಬೇಕು; ಆದುದರಿಂದ ಬೆಳ್ಳಿಗೆ ಹಿತ್ತಾಳೆ ಬೆರೆಸಿ ಅದನ್ನು ಸಿದ್ಧಪಡಿಸುತ್ತಾರೆ. ಕೊನೆಯಲ್ಲಿ ಅರ ಹಾಕಿ ನಯಗೊಳಿಸಿ, ಹುಳಿನೀರಿನಲ್ಲಿ ಅದ್ದಿ, ಅಂಟುವಾಳದ ನೊರೆಯಲ್ಲಿ ಹಿತ್ತಾಳೆ ಕುಂಚದಿಂದ ತಿಕ್ಕುತ್ತಾರೆ. ಹಲವು ಬಾರಿ ಕಾಯಿಸಿ ಹುಳಿಯಲ್ಲಿ ಅದ್ದಿದಾಗ ಮೇಲ್ಮೈಯ ತಾಮ್ರ ಹೊರಟುಹೋಗಿ, ಒಳಗಿಗಿಂತ ಬಿಳುಪಾದ ಒಂದು ಪದರ ಉಳಿಯುತ್ತದೆ. ಬೆಳ್ಳಿಯ ಗುಣವನ್ನು ಕಣ್ಣಿನಿಂದ ಅಳೆಯಲಾಗದಿರುವುದಕ್ಕೆ ಇದೇ ಕಾರಣ.

ಸಿಡಿದ ಹನಿ, ಅರದ ಪುಡಿ, ಮೂಸೆಗೆ ಅಂಟಿದ ಲೋಹ ಇವೆಲ್ಲ ಸವಕಳಿ. ಇದರಲ್ಲಿ ಸ್ವಲ್ಪ ಭಾಗ ನೆಲದ ಕಸದಲ್ಲಿ ಉಳಿಯುತ್ತದೆ. ಆ ಕಸವನ್ನು ಕೊಂಡು, ನೀರಿನಲ್ಲಿ ಜಾಲಿಸಿ ಲೋಹ ತೆಗೆಯುವುದನ್ನೇ ವೃತ್ತಿಯಾಗಿಸಿಕೊಂಡವರಿದ್ದರು. ಕಪ್ಪತಗುಡ್ಡದ ಹಳ್ಳಗಳಲ್ಲಿ ಚಿನ್ನದ ಕಣ ತೊಳೆಯುತ್ತಿದ್ದ ಜಾಲಗಾರರ ಪ್ರಸ್ತಾಪ 1884ರ ಧಾರವಾಡ ಗೆಜೆಟಿಯರಿನಲ್ಲಿ ಬರುತ್ತದೆ. ಪತ್ತಾರರ ಓಣಿಯ ಕಸವೂ ಇಂಥವರ ಜೀವನಾಧಾರವಾಗಿತ್ತು.

ಆದರೆ ಜಗಳ ಹುಟ್ಟುವುದು ಈ ಕಸದಿಂದಲ್ಲ, ಹಳೆಯ ಒಡವೆಯಿಂದ. ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೀಗಿದೆ. ತಾಂಡಾದ ವೃದ್ಧೆಯೊಬ್ಬರು ತಮ್ಮ ತಾಯಿಯ ಕಾಲದ ಕಡಗಗಳನ್ನು ಅಳಿಸಿ ಮೊಮ್ಮಗಳಿಗೆ ಗೆಜ್ಜೆ ಮಾಡಿಸಲು ತಂದಿದ್ದರು. ತೂಗಿದಾಗ 250 ಗ್ರಾಂ. 'ಬಾಯಿ, ಇದರಾಗ ಬೆಸುಗೆ ಭಾಳ ಐತಿ, ತೂಕ ಇಳೀತೈತಿ' ಎಂದು ಪತ್ತಾರರು ಮೊದಲೇ ಹೇಳಿದರು. 'ನಮ್ಮವ್ವಂದು ಅಪ್ಪಟ ಬೆಳ್ಳಿ, ನೀ ಮಾಡು' ಎಂಬುದು ಅವರ ಉತ್ತರವಾಗಿತ್ತು. ಪರೀಕ್ಷಿಸಿದಾಗ ಶುದ್ಧತೆ, ಪತ್ತಾರರ ಮಾತಿನಲ್ಲಿ 'ಟಚ್', ಶೇಕಡಾ 80ರಷ್ಟು ಬಂತು. ಅಂದರೆ ಅದರಲ್ಲಿದ್ದ ಶುದ್ಧ ಬೆಳ್ಳಿ 200 ಗ್ರಾಂ. ಹಾಗೆಯೇ ಕರಗಿಸಿ ಬಡಿದರೆ ಬೆಸುಗೆಯ ಸತುವಿನಿಂದಾಗಿ ತಗಡು ಬಿರಿಯುವ ಸಂಭವವಿತ್ತು. ಆದ್ದರಿಂದ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಶುದ್ಧಿಮಾಡುವವರಿಗೆ ಕಳುಹಿಸಿ, ಬಂದ ಬೆಳ್ಳಿಗೆ ತಾಮ್ರ ಸೇರಿಸಿ 92.5ರ ಗುಣಕ್ಕೆ ತಂದರು. ಹಾಗೆ ಮಾಡಿದಾಗ 200 ಗ್ರಾಂ ಶುದ್ಧ ಬೆಳ್ಳಿ 216 ಗ್ರಾಂ ಆಗುತ್ತದೆ. ಸವಕಳಿಯನ್ನು ಬಿಟ್ಟು ಲೆಕ್ಕ ಹಾಕಿದರೂ ವೃದ್ಧೆಯ ದೃಷ್ಟಿಯಲ್ಲಿ 34 ಗ್ರಾಂ ಮಾಯವಾಗಿತ್ತು. ಬೆಳ್ಳಿಯಾದರೋ ಅಷ್ಟೂ ಅವರ ಕೈಯಲ್ಲೇ ಇತ್ತು. ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಅವರು ಆಡಿದ ಮಾತುಗಳನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ. ಗಾದೆಯೂ ಅವುಗಳಲ್ಲಿ ಬಂತು.

ಅಂದು ಸಂಜೆ ಪತ್ತಾರರು ನನಗೆ ಹೇಳಿದ್ದು: 'ತೂಕ ಕೂಡಿಸಿ ಕೊಡೂದು ಭಾಳ ಹಗರರಿ. ತಾಮ್ರ ಜಾಸ್ತಿ ಹಾಕಿದ್ರ ಮುಗೀತು. ಕೂಡಲಿಲ್ಲಂದ್ರ ಕಳ್ಳ, ಕೂಡಿದ್ರ ಶಾಣ್ಯಾ.' ಗಾದೆಯನ್ನು ಅರ್ಥೈಸುವಾಗ ಈ ಮಾತು ನಿರ್ಣಾಯಕವೆಂದು ನಾನು ಭಾವಿಸುತ್ತೇನೆ. ತಕ್ಕಡಿ ತೂಕವನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ. ತೂಕವೊಂದನ್ನೇ ಸಾಕ್ಷಿಯಾಗಿ ಹಿಡಿದರೆ, ಲೋಹವನ್ನು ಶುದ್ಧಿಮಾಡಿಕೊಟ್ಟವನು ಸಿಕ್ಕಿಬೀಳುತ್ತಾನೆ. ಕಲಬೆರಕೆ ಮಾಡಿದವನು ಪಾರಾಗುತ್ತಾನೆ. ಕದ್ದ ಅಕ್ಕಸಾಲಿಗರು ಇರಲೇ ಇಲ್ಲವೆಂದು ಇದರ ಅರ್ಥವಲ್ಲ. ಗಾದೆಯು ಹಿಡಿಯಲು ಹೊರಟ ಕಳ್ಳನನ್ನು ಅದರ ಹಿಂದಿರುವ ಅಳತೆಯೇ ಹಿಡಿಯಲಾರದು ಎಂಬುದಷ್ಟೇ ನನ್ನ ವಾದ.

ಬೆಳ್ಳಿಗೆ ಹಾಲ್‌ಮಾರ್ಕ್ ಮುದ್ರೆ 2005ರಿಂದಲೂ ಇದೆ. 2025ರ ಸೆಪ್ಟೆಂಬರಿನಲ್ಲಿ ಪ್ರತಿ ಒಡವೆಗೂ ಗುರುತಿನ ಸಂಖ್ಯೆ ನೀಡುವ ವ್ಯವಸ್ಥೆ ಐಚ್ಛಿಕವಾಗಿ ಆರಂಭವಾಯಿತು. ಗುಣವನ್ನು ಸಾರುವ ಇಂಥ ಮುದ್ರೆ ಪತ್ತಾರನ ಪರವಾದ ಸಾಕ್ಷಿಯಾಗಬಲ್ಲುದು. ಆದರೆ ಗಿರಾಕಿಯ ಲೋಹದಿಂದ ಒಂದೊಂದೇ ಒಡವೆ ಮಾಡುವವನು ಪ್ರತಿಯೊಂದನ್ನೂ ಹೊತ್ತು ನಗರದ ಕೇಂದ್ರಕ್ಕೆ ಹೋಗಿಬರುವುದು ಕಷ್ಟಸಾಧ್ಯ. ಅತ್ತ ಸೇಲಂ ಮತ್ತು ಗಡಿಯಾಚೆಯ ಹುಪರಿಯಿಂದ ಸಿದ್ಧ ಗೆಜ್ಜೆಗಳು ಬರುತ್ತವೆ. ನಮ್ಮ ವಕ್ತೃವೂ ಅವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಅದನ್ನು ಹೇಳುವಾಗ ಮಾತ್ರ ತುಸು ದನಿ ತಗ್ಗಿಸುತ್ತಾರೆ.

ಬೆಲೆಯ ಏರಿಕೆಯಿಂದ ಬೆಳ್ಳಿಯವನಿಗೆ ಲಾಭವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಕಿಲೋ ಬೆಳ್ಳಿಯ ದರ 2024ರಲ್ಲಿ ಒಂದು ಲಕ್ಷ ರೂಪಾಯಿಯನ್ನೂ 2025ರ ಡಿಸೆಂಬರಿನಲ್ಲಿ ಎರಡು ಲಕ್ಷವನ್ನೂ ದಾಟಿತು. ಇವರಿಗೆ ಸಿಗುವುದು ಮಜೂರಿ ಮಾತ್ರ. ಅದು ದರದೊಂದಿಗೆ ಏರಲಿಲ್ಲ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ವೃತ್ತಿಗಳಲ್ಲಿ ಅಕ್ಕಸಾಲಿಗರದೂ ಒಂದು. ಅದರ ಮೊದಲ ಕಂತಿನ ಸಾಲ ಒಂದು ಲಕ್ಷ ರೂಪಾಯಿ. ಆ ಡಿಸೆಂಬರಿನ ದರದಲ್ಲಿ ಅದಕ್ಕೆ ಅರ್ಧ ಕಿಲೋ ಬೆಳ್ಳಿಯೂ ಬರುತ್ತಿರಲಿಲ್ಲ. ದರ ಏರಿದಾಗ ಹೊಸ ಬೆಳ್ಳಿ ಕೊಳ್ಳುವವರು ಕಡಿಮೆಯಾಗಿ ಹಳೆಯದನ್ನು ಅಳಿಸಲು ತರುವವರು ಹೆಚ್ಚುತ್ತಾರೆ. ಅದರೊಂದಿಗೆ ತೂಕದ ಜಗಳಗಳೂ ಹೆಚ್ಚುತ್ತವೆ. ಕಳೆದುಹೋದ 34 ಗ್ರಾಂ ಈಗ ಸಾವಿರಗಳ ಮಾತು.

ಇವರಲ್ಲಿ ಉದ್ದನೆಯ ವಹಿಗಳಿವೆ. ತಂದೆಯ ಕಾಲದವೂ ಸೇರಿವೆ. ಪ್ರತಿ ಹಾಳೆಯಲ್ಲಿ ತಂದ ತೂಕ, ಟಚ್, ಕೊಟ್ಟ ತೂಕ, ಮಜೂರಿ ಎಂದು ನಾಲ್ಕು ಸಾಲು. ಹಳೆಯ ವಹಿಗಳಲ್ಲಿ ತೂಕ ತೊಲ ಮತ್ತು ಗುಂಜಿಗಳಲ್ಲಿದೆ. ಆಭರಣಗಳ ಹೆಸರುಗಳನ್ನು ಸಂಗ್ರಹಿಸಿದಂತೆ ಇಂಥ ವಹಿಗಳನ್ನೂ ನಮ್ಮ ಸಂಶೋಧನಾ ಕೇಂದ್ರಗಳು ಸಂಗ್ರಹಿಸಬೇಕು. ಪತ್ತಾರರ ಮಕ್ಕಳು ಬೇರೆ ಉದ್ಯೋಗ ಹಿಡಿದ ಮನೆಗಳಲ್ಲಿ ಅವು ರದ್ದಿಗೆ ಹೋಗುತ್ತಿವೆ. ಕಳೆದ ಸಲ ನಾನು ಭೇಟಿಯಿತ್ತಾಗ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಕಸದ ಚೀಲವೊಂದು ಬಾಯಿ ಕಟ್ಟಿಕೊಂಡು ಕುಳಿತಿತ್ತು. ಅದನ್ನು ಕೊಳ್ಳುವವನು ಎರಡು ವರ್ಷಗಳಿಂದ ಬಂದಿರಲಿಲ್ಲ. ಆದರೂ ಪತ್ತಾರರು ದಿನವೂ ಸಂಜೆ ನೆಲ ಗುಡಿಸಿ ಅದಕ್ಕೆ ತುಂಬುತ್ತಾರೆ.