ಒಂದೇ ಗೇಟು, ಎರಡು ಪಗಾರ

ಶಿವಮೊಗ್ಗದ ಆಲ್ಕೊಳದಿಂದ ಒಬ್ಬ ಮಾಚೇನಹಳ್ಳಿಯ ಖಾಸಗಿ ಕಾರ್ಖಾನೆಗೆ ಹೊರಡುತ್ತಾನೆ, ಪಕ್ಕದ ಮನೆಯವನು ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ಗೆ. ಇಬ್ಬರೂ ಗುತ್ತಿಗೆಯವರೇ ಆದರೂ ಕನಿಷ್ಠ ಕೂಲಿಯ ದರ ಒಂದೇ ಅಲ್ಲ. ಮೊದಲನೆಯವನಿಗೆ ರಾಜ್ಯ ಸರ್ಕಾರದ ದರ. ವಿಐಎಸ್‌ಎಲ್ 1989ರಿಂದ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಕೈಯಲ್ಲಿರುವುದರಿಂದ ಎರಡನೆಯವನಿಗೆ ಕೇಂದ್ರದ ದರ. ದೂರು ಕೊಡಬೇಕಾದ ಕಚೇರಿಯೂ ಬೇರೆ.

ಇದು ಸಣ್ಣ ವ್ಯತ್ಯಾಸ. ದೊಡ್ಡದಿರುವುದು ಕಾಯಂ ನೌಕರನ ಪಗಾರ ಚೀಟಿಯಲ್ಲಿ: ಮೂಲವೇತನ, ತುಟ್ಟಿಭತ್ಯೆ, ವರ್ಷಕ್ಕೊಂದು ಇನ್‌ಕ್ರಿಮೆಂಟ್. ಗುತ್ತಿಗೆಯವನದು ಹಾಜರಿಯ ಲೆಕ್ಕ. ಉದಾಹರಣೆಗೆ ದಿನಕ್ಕೆ 600 ರೂಪಾಯಿ ಎಂದುಕೊಳ್ಳಿ. 26 ಹಾಜರಿಗೆ 15,600, ಕೆಲಸ ಕಮ್ಮಿಯಾಗಿ 18ಕ್ಕೆ ಇಳಿದರೆ 10,800. ಬೆಲೆ ಏರಿದಂತೆ ಅವನ ತುಟ್ಟಿಭತ್ಯೆಯೂ ಏರುತ್ತದೆ, ನಿಜ. ಆದರೆ ಇಪ್ಪತ್ತು ವರ್ಷದ ಅನುಭವಕ್ಕೆಂದು ಪ್ರತ್ಯೇಕವಾಗಿ ಏನೂ ಸೇರುವುದಿಲ್ಲ.

ಗ್ರಾಚ್ಯುಟಿಯಲ್ಲಿ ಪೆಟ್ಟು ಇನ್ನೂ ಜೋರು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ: ವರ್ಷಕ್ಕೆ 15,000. ಇಪ್ಪತ್ತು ವರ್ಷಕ್ಕೆ ಮೂರು ಲಕ್ಷ. ಇದಕ್ಕೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಟೆಂಡರ್ ಬದಲಾದಾಗಲೆಲ್ಲ ಗುತ್ತಿಗೆದಾರ ಬದಲಾಗುತ್ತಾನೆ, ಆಳು ಅದೇ ಯಂತ್ರದ ಮುಂದೆ ನಿಂತಿದ್ದರೂ ಕಾಗದದಲ್ಲಿ ಹೊಸಬ! 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಯಲ್ಲಿ ನಿಗದಿತ ಅವಧಿಯ ಲಿಖಿತ ನೇಮಕಾತಿ ಇದ್ದವರಿಗೆ ಒಂದು ವರ್ಷ ಸಾಕು. ಹಾಗಾಗಿ ನೇಮಕಾತಿ ಪತ್ರ ಕೇಳಿ ಪಡೆಯಿರಿ.

ಚೀಟಿಯಲ್ಲಿ ಕಾಣದ ಇನ್ನೊಂದು ವ್ಯತ್ಯಾಸವಿದೆ. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಬಂದಾಗ ಕಾಯಂ ನೌಕರರಿಗೆ ಸೈಲ್‌ನ ಬೇರೆ ಘಟಕಗಳಿಗೆ ವರ್ಗವಾಗುವ ದಾರಿಯಾದರೂ ಇತ್ತು. ತಿಂಗಳುಗಟ್ಟಲೆ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು.

ಅರೆಕಾಲಿಕರ ಲೆಕ್ಕ ಗಂಟೆಯದು. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಆದೇಶದಂತೆ ವಾರಕ್ಕೆ 15 ಗಂಟೆ ಪಾಠವಿತ್ತು; ಯುಜಿಸಿ ಅರ್ಹತೆಯ ಜೊತೆ ಐದು ವರ್ಷದ ಅನುಭವವಿದ್ದರೆ ಆಗ ತಿಂಗಳಿಗೆ 32,000 ಇತ್ತು. ಅದೇ ಕಾಲೇಜಿನ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವೇ 57,700.

ಸಮಾನ ಕೆಲಸ ಮಾಡುವ ಸರ್ಕಾರಿ ತಾತ್ಕಾಲಿಕ ನೌಕರರಿಗೆ ಕಾಯಂ ವೇತನಶ್ರೇಣಿಯ ಕನಿಷ್ಠ ಹಂತ ಕೊಡಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಟ್ಟದ್ದು ಕೆಳಗಿನ ಮೆಟ್ಟಿಲು ಮಾತ್ರ, ಮೇಲೆ ಹತ್ತುವ ಏಣಿ ಅಲ್ಲ.

ಗುತ್ತಿಗೆದಾರ ಪಗಾರ ಕೊಡದೆ ಕೈಯೆತ್ತಿದರೆ ಅದನ್ನು ತುಂಬಿಕೊಡುವ ಹೊಣೆ ಕಾನೂನಿನಂತೆ ಮೂಲ ಮಾಲೀಕನದು. ಕೆಲಸ ಮಾಡಿದ್ದಕ್ಕೆ ಸಾಕ್ಷಿಯಾಗಿ ಗೇಟ್ ಪಾಸ್, ಹಾಜರಿ ಪುಟ, ಪಿಎಫ್ ಪಾಸ್‌ಬುಕ್ ಮೂರರ ಫೋಟೋ ಮೊಬೈಲಿನಲ್ಲಿರಲಿ.